ಗಂಗುಲಮ್ಮ ಹೇಳದೆ ಕಳೆಯದ ಸಂಜೆ

ಜನವರಿ ತಿಂಗಳ ಒಂದು ಗುರುವಾರ, ಸಂಜೆ ಆರು ಗಂಟೆ ನಲವತ್ತೊಂದು ನಿಮಿಷಕ್ಕೆ, ಗಂಗುಲಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ತುಳಸಿಕಟ್ಟೆಯ ಪಟ್ಟೆಗಳನ್ನು ನೋಡುತ್ತಿದ್ದರು. ಕಟ್ಟೆಗೆ ಒಂದು ಪಟ್ಟೆ ಸುಣ್ಣ, ಒಂದು ಪಟ್ಟೆ ಕೆಮ್ಮಣ್ಣು ಬಳಿದಿದ್ದರು. ಕೆಮ್ಮಣ್ಣಿನ ಪಟ್ಟೆ ಕಪ್ಪಾಗಿ ಕಂಡರೆ ಮುಸ್ಸಂಜೆ ಮುಗಿಯಿತೆಂದು ಲೆಕ್ಕ. ಆ ಹೊತ್ತಿಗೆ ಅದು ಕಪ್ಪಾಗಬೇಕಿತ್ತು. ಆಗಲಿಲ್ಲ. ಬದಲಿಗೆ ಇನ್ನಷ್ಟು ಕೆಂಪಾಯಿತು.

ಪರೀಕ್ಷೆಯಲ್ಲಿ ದೋಷವಿರಲಿಲ್ಲ. ಬೆಳಕು ತಗ್ಗಿದಂತೆ ಮನುಷ್ಯನ ಕಣ್ಣು ಎಲ್ಲಕ್ಕಿಂತ ಮೊದಲು ಕಳೆದುಕೊಳ್ಳುವುದು ಕೆಂಪನ್ನು. ಇದನ್ನು ಗಂಗುಲಮ್ಮನಿಗೆ ಯಾರೂ ಪಾಠ ಹೇಳಿರಲಿಲ್ಲ. ಅವರ ಅತ್ತೆ ತೋರಿಸಿಕೊಟ್ಟಿದ್ದರು. ಅತ್ತೆಗೆ ಅವರ ಅತ್ತೆ.

ಊರು ಅಂಬಾಜಿದುರ್ಗದ ಬೆಟ್ಟಸಾಲಿನ ಮೂಡಣ ಮಗ್ಗುಲಿಗಿದೆ. ಹಿತ್ತಿಲಿನಲ್ಲಿ ಕುಳಿತರೆ ಪಡುವಣಕ್ಕೆ ಒಂದು ದೊಡ್ಡ ಬೋಳುಬಂಡೆ, ಅದರ ಮೇಲೆ ಆಕಾಶ, ಅಷ್ಟೇ. ಬೀದಿದೀಪ ಮನೆಯ ಮುಂಭಾಗಕ್ಕಿರುವುದರಿಂದ ಹಿತ್ತಿಲಿನ ಕತ್ತಲೆ ಕೆಡುವುದಿಲ್ಲ. ದೀಪ ಹಚ್ಚಿದ ಹೊತ್ತಿನಿಂದ ಪಟ್ಟೆ ಕಪ್ಪಾಗುವವರೆಗೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಮಲಗುವುದಿಲ್ಲ, ಕಸ ಗುಡಿಸುವುದಿಲ್ಲ, ತಲೆ ಬಾಚುವುದಿಲ್ಲ, ಉಪ್ಪು ಮೊಸರು ಹೊರಗೆ ಕೊಡುವುದಿಲ್ಲ. ಮುಸ್ಸಂಜೆಯ ಈ ಕಟ್ಟುಪಾಡು ಎಲ್ಲ ಊರಲ್ಲೂ ಇದ್ದದ್ದೇ. ಆದರೆ ಆ ಬೀದಿಯಲ್ಲಿ ಮುಸ್ಸಂಜೆ ಮುಗಿಯಿತೆಂದು ಹೇಳುವವರು ಗಂಗುಲಮ್ಮ ಒಬ್ಬರೇ. ಗೌರಿಬಿದನೂರು ಸೀಮೆಯಿಂದ ಮದುವೆಯಾಗಿ ಬಂದ ವರ್ಷವೇ, ಸೊಸೆಯ ಕಣ್ಣು ಚುರುಕಾಗಿದೆಯೆಂದು ಅತ್ತೆ ಈ ಕೆಲಸ ವಹಿಸಿಕೊಟ್ಟಿದ್ದರು. ಆಗ ಬೀದಿಯಲ್ಲಿ ಗಡಿಯಾರವಿರಲಿಲ್ಲ. ಈಗ ಎಲ್ಲರ ಕೈಯಲ್ಲೂ ಫೋನಿದೆ. ಫೋನು ಗಂಟೆ ಎಷ್ಟೆಂದು ಹೇಳುತ್ತದೆ, ಸಂಜೆ ಕಳೆಯಿತೋ ಇಲ್ಲವೋ ಹೇಳುವುದಿಲ್ಲ. ಹಾಗಾಗಿ ಹೆಂಗಸರು ಇವತ್ತಿಗೂ ಗೋಡೆಯಾಚೆಯಿಂದ “ಕಳೀತಾ ಗಂಗುಲಮ್ಮ?” ಎಂದು ಕೇಳುತ್ತಾರೆ. ಅವರು “ಕಳೀತು ಕಣ್ರಮ್ಮ” ಎಂದ ಮೇಲೆ ಒಲೆಯಿಂದ ಮುದ್ದೆಯ ಪಾತ್ರೆ ಇಳಿಯುತ್ತದೆ.

ಆ ಗುರುವಾರ ಪಟ್ಟೆ ಕಪ್ಪಾಗದಿದ್ದದ್ದಕ್ಕೆ ಕಾರಣ ಶಿರೀಷಾ. ಬಂಡೆಯ ಬುಡದ ಜಮೀನಿನ ಒಡೆಯರಾದ ಚಿಂತಾಮಣಿಯ ಮುನಿವೆಂಕಟಪ್ಪನವರ ಮೊಮ್ಮಗಳು ಆಕೆ. ಬೆಳಕಿನಿಂದ ಕಲಾಕೃತಿ ಮಾಡುವವಳು. ಒಂದು ವರ್ಷ ಪ್ರತಿ ಸಂಜೆ ಆ ಬಂಡೆಯ ಫೋಟೊ ತೆಗೆದು, ಸೂರ್ಯ ಮುಳುಗಿದ ಮೇಲಿನ ಬಣ್ಣಗಳ ಸರಾಸರಿಯನ್ನು ಕಂಪ್ಯೂಟರಿನಲ್ಲಿ ಹಿಡಿದಿದ್ದಳು. ಈಗ ಬಂಡೆಯ ಬುಡದಲ್ಲಿ ದೀಪದ ಹಲಗೆಗಳನ್ನು ಸಾಲಾಗಿ ನಿಲ್ಲಿಸಿ, ನಿಜವಾದ ಕೆಂಪು ಆರುವ ಗಳಿಗೆಗೆ ಸರಿಯಾಗಿ ತನ್ನ ಕೆಂಪನ್ನು ಬಂಡೆಯ ಮೇಲೆ ಹರಿಸಿದಳು. ಕೃತಿಯ ಹೆಸರು ‘ಮುಳುಗದ ಸಂಜೆ’. ಗುರುವಾರದಿಂದ ಭಾನುವಾರದವರೆಗೆ ಪ್ರದರ್ಶನ. ಬೆಳಗಿನ ಜಾವ ಐದರವರೆಗೂ ಅದು ಆರುವುದಿಲ್ಲ. ಪೇಟೆಯ ಜನಕ್ಕೆ ಸಂಜೆ ನೋಡಲು ಪುರುಸೊತ್ತಿಲ್ಲ, ಅವರು ಬರುವವರೆಗೆ ಸಂಜೆಯೇ ಕಾಯಲಿ ಎಂಬುದು ಆಕೆಯ ಆಲೋಚನೆ.

ಪೇಟೆಯ ಜನ ಬಂದರು, ನೋಡಿದರು, ಹೋದರು. ಗಂಗುಲಮ್ಮ ಮಾತ್ರ ಮೆಟ್ಟಿಲು ಬಿಟ್ಟು ಏಳಲಿಲ್ಲ. ಗೋಡೆಯಾಚೆಯಿಂದ ಕೇಳಿದವರಿಗೆಲ್ಲ ಇನ್ನೂ ಇಲ್ಲ ಎಂದರು. ಜಾವದಲ್ಲಿ ದೀಪಗಳು ಆರಿದ ಮೇಲೆ ಪಟ್ಟೆ ನೋಡಿ, ಕಳೀತು ಎಂದು ಹೇಳಿ, ರಾತ್ರಿಯ ಊಟ ಮಾಡಿ, ಊಟದ ನಂತರದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಮಲಗಿದರು. ಅಷ್ಟರಲ್ಲಿ ಮೂಡಣ ಕೆಂಪಾಯಿತು. ಸೂರ್ಯ ಹುಟ್ಟುವ ಹೊತ್ತಿನಲ್ಲೂ ಮಲಗಿರಬಾರದು. ಎದ್ದರು.

ಮಗ ಹನುಮಂತರಾಯಪ್ಪನಿಗೆ ದಿಗಿಲಾಯಿತು. ಅವನು ಡೇರಿಯಲ್ಲಿ ಹಾಲು ಅಳೆಯುವ ಕೆಲಸದವನು, ಜೊತೆಗೆ ಒಂದು ತುಂಡು ಸೇವಂತಿಗೆ ತೋಟ ಇಟ್ಟುಕೊಂಡವನು. ತಾಯಿಗೆ ಎಂಬತ್ತರ ಹತ್ತಿರ. ಹೊತ್ತು ತಪ್ಪಿ ಮಾತ್ರೆ ನುಂಗಿದರೆ ಜೀವಕ್ಕೇ ಕುತ್ತು ಬಂದೀತೆಂದು ಆರೋಗ್ಯ ಕೇಂದ್ರದ ನರ್ಸು ಹಿಂದೆಯೇ ಎಚ್ಚರಿಸಿದ್ದರು. ಅವನು ಶುಕ್ರವಾರ ಒಂದು ಉಪಾಯ ಹೇಳಿದ: ಸೂರ್ಯ ಮುಳುಗುವ ಮುಂಚೆಯೇ, ಐದು ಗಂಟೆಗೆ ಉಂಡುಬಿಡುವುದು.

“ಹೊತ್ತಿರೋವಾಗ ಉಂಡ್ರೆ ಅದು ಮಧ್ಯಾಹ್ನದ ಊಟ ಕಣೋ. ಮಾತ್ರೆ ರಾತ್ರಿ ಊಟದ್ದು,” ಎಂದರು ಗಂಗುಲಮ್ಮ.

ಮನೆಯವರು ಹಿತ್ತಿಲ ಬಾಗಿಲಿಗೆ ಕಂಬಳಿ ಕಟ್ಟಿದರು. ಗಂಗುಲಮ್ಮ ಕಂಬಳಿ ಸರಿಸಿ ನೋಡಿದರು. ನೋಡದೆ ಹೇಳುವುದಾದರೆ ತಾನೇ ಯಾಕೆ, ಯಾರು ಬೇಕಾದರೂ ಹೇಳಬಹುದಲ್ಲ ಎಂದು ಕೇಳಿದರು. ಪಂಚಾಯ್ತಿ ಸದಸ್ಯ ಮೋಹನ್‌ಬಾಬು ವಿಚಾರಿಸಿ ಬರುತ್ತೇನೆಂದು ಬಂಡೆಯ ಹತ್ತಿರ ಹೋದವನು, ಕೆಂಪು ಬೆಳಕಿನಲ್ಲಿ ಒಂದು ಸೆಲ್ಫಿ ತೆಗೆದುಕೊಂಡು ವಾಪಸು ಬಂದು, ಪರ್ಮಿಷನ್ ಎಲ್ಲ ಸರಿಯಾಗಿದೆ ಎಂದ.

ಅಷ್ಟರಲ್ಲಿ ಮುಳುಗದ ಸಂಜೆ ಬೀದಿಗೂ ಇಳಿದಿತ್ತು. ಮುಸ್ಸಂಜೆಯಲ್ಲಿ ಮೊಸರು ಹೊರಗೆ ಹೋಗಬಾರದಾದ್ದರಿಂದ ಹೆಪ್ಪು ಕೇಳಲು ಬಂದವರು ಬರಿಗೈಲಿ ಹೋದರು. ಎರಡು ಮನೆಯ ಹಾಲು ಕೆಟ್ಟಿತು. ಕೋಳಿಗಳು ಮಂಕರಿಗೆ ಹೋಗದೆ ಅಂಗಳದಲ್ಲೇ ಅಡ್ಡಾಡಿದವು. ಪಕ್ಕದ ಮನೆಯ ನಲ್ಲಪ್ಪ ಹನುಮಂತರಾಯಪ್ಪನಿಂದ ಔಷಧಿ ಹೊಡೆಯುವ ಪಂಪು ಒಯ್ದಿದ್ದ. ಕೇಳಲು ಹೋದರೆ, ಮುಸ್ಸಂಜೆಯಲ್ಲಿ ಕಬ್ಬಿಣ ಹೊಸಿಲು ದಾಟಬಾರದು, ನಿಮ್ಮಮ್ಮ ಹೇಳಲಿ ಕೊಡುತ್ತೇನೆ ಎಂದ. ಪಂಪು ಪ್ಲಾಸ್ಟಿಕ್ಕಿನದು. ಆ ಗಡಿ ಸೀಮೆಯ ತೆಲುಗಿನಲ್ಲಿ ದೀಪ ಆರಿತು ಎನ್ನುವುದು ಅಶುಭವೆಂದು ‘ದೀಪ ಬೆಟ್ಟ ಹತ್ತಿತು’ ಎನ್ನುತ್ತಾರೆ. ಇಲ್ಲಿ ನೋಡಿದರೆ ದೀಪ ನಿಜಕ್ಕೂ ಬೆಟ್ಟ ಹತ್ತಿ ಕೂತಿದೆ, ಆರುವ ಮಾತೇ ಇಲ್ಲ ಎಂದು ನಲ್ಲಪ್ಪನೇ ನಗಾಡಿದ.

ಶುಕ್ರವಾರವೂ ಜಾವದವರೆಗೆ ಕಾದ ಗಂಗುಲಮ್ಮ ಶನಿವಾರ ಬೆಳಿಗ್ಗೆ ಹಿತ್ತಿಲಿಗೆ ಹೋಗುವಾಗ ತಲೆ ತಿರುಗಿ ಗೋಡೆ ಹಿಡಿದುಕೊಂಡರು. ಇನ್ನು ತಡೆಯಲಾಗದೆಂದು ಹನುಮಂತರಾಯಪ್ಪ ಅವರನ್ನು ಸಾದಲಿಗೆ, ತನ್ನ ಅಕ್ಕ ಕಲ್ಯಾಣಿಯ ಮನೆಗೆ ಕರೆದುಕೊಂಡು ಹೋಗಿ ಬಿಟ್ಟ. ಅಲ್ಲಿಂದ ಈ ಬಂಡೆ ಕಾಣುವುದಿಲ್ಲ. ಅಲ್ಲಿ ಸಂಜೆ ತಕರಾರಿಲ್ಲದೆ ಕಳೆಯಿತು. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಬಂದ ಮಗಳು ತಟ್ಟೆ ಇಟ್ಟಳು. ಗಂಗುಲಮ್ಮ ಮುದ್ದೆ ಮುರಿಯುವ ಹೊತ್ತಿಗೆ ಫೋನು ಬಂತು. ಬೀದಿಯ ಹೆಂಗಸರು ಸ್ಪೀಕರ್ ಹಾಕಿಕೊಂಡು ಕೇಳಿದರು: “ಕಳೀತಾ ಗಂಗುಲಮ್ಮ?”

“ಇಲ್ಲಿ ಕಳೀತು. ಅಲ್ಲೀದು ಅಲ್ಲಿದ್ದೋರು ನೋಡ್ಬೇಕಮ್ಮ. ನಾನು ಸಾದಲಿಯಿಂದ ಎಂಗೆ ಹೇಳ್ಲಿ?”

ಅಲ್ಲಿದ್ದವರು ಯಾರೂ ಹೇಳುವ ಧೈರ್ಯ ಮಾಡಲಿಲ್ಲ. ಆ ರಾತ್ರಿ ಬೀದಿಯಲ್ಲಿ ಹೆಚ್ಚಿನವರು ಉಂಡರು ಎಂಬುದು ನಿಜ. ಆದರೆ ಬಾಗಿಲು ಹಾಕಿಕೊಂಡು, ತಟ್ಟೆ ಸದ್ದಾಗದಂತೆ ಉಂಡರು. ಗಂಗುಲಮ್ಮನ ಸೊಸೆ ಓಬಳಮ್ಮ ಉಣ್ಣಲೇ ಇಲ್ಲ. ಮೂವತ್ತು ವರ್ಷ ಅತ್ತೆಯ ಮಾತು ಕೇಳಿ ಅನ್ನಕ್ಕೆ ಕೈ ಹಾಕಿದವಳು, ಆ ಮಾತಿಲ್ಲದೆ ಕೈ ಹಾಕುವುದು ಹೇಗೆಂದು ತಿಳಿಯದೆ ಅಡುಗೆಮನೆಯಲ್ಲೇ ಕುಳಿತಿದ್ದಳು. ಭಾನುವಾರ ಬೆಳಿಗ್ಗೆ ಈ ಸುದ್ದಿ ಕೇಳಿದ್ದೇ ಗಂಗುಲಮ್ಮ ಮೊದಲ ಬಸ್ಸಿಗೆ ಊರಿಗೆ ಹೊರಟರು. ಅಲ್ಲಿ ಸೊಸೆ ಉಪವಾಸ ಕೂತಿರುವಾಗ ತನಗೆ ಇಲ್ಲಿ ಮುದ್ದೆ ಇಳಿಯುವುದಿಲ್ಲ ಎಂದರು. ಮಗಳು ಎಷ್ಟು ತಡೆದರೂ ನಿಲ್ಲಲಿಲ್ಲ.

ಮಧ್ಯಾಹ್ನ ಮೊಮ್ಮಗಳು ಧನುಶ್ರೀ ಬಂಡೆಯ ಹತ್ತಿರ ಹೋಗಿ ಶಿರೀಷಾಳನ್ನೇ ಮನೆಗೆ ಕರೆತಂದಳು. ನಡೆದದ್ದನ್ನೆಲ್ಲ ಕೇಳಿದ ಶಿರೀಷಾ ಮೊದಲು ಗಾಬರಿಯಾದಳು, ಆಮೇಲೆ, ಮರೆಮಾಚಲು ನೋಡಿದರೂ, ಖುಷಿಪಟ್ಟಳು. ಗ್ಯಾಲರಿಯಲ್ಲಿ ಜನ ಅವಳ ಕೃತಿಯ ಮುಂದೆ ಕಾಫಿ ಲೋಟ ಹಿಡಿದು ಒಂದು ನಿಮಿಷ ನಿಂತರೆ ಹೆಚ್ಚು. ಅದನ್ನು ನಂಬಿ ಊಟ ಬಿಟ್ಟವರನ್ನು ಅವಳು ಇದೇ ಮೊದಲು ನೋಡುತ್ತಿದ್ದದ್ದು. ಮೆಟ್ಟಿಲ ಮೇಲೆ ಗಂಗುಲಮ್ಮನ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದಳು:

“ಅವ್ವಾ, ಅದು ಸಂಜೆ ಅಲ್ಲ. ಬರೀ ಬಲ್ಬು.”

“ಬಲ್ಬು ಅಂತ ನಂಗೊತ್ತಿಲ್ವೇನಮ್ಮ? ನಮ್ಮ ತೋಟದಾಗೂ ಐತೆ. ರಾತ್ರಿಯೆಲ್ಲ ಬಲ್ಬು ಉರಿಸಿದ್ರೆ ಸೇವಂತಿಗೆ ಗಿಡ ಇನ್ನೂ ಹಗಲು ಅಂದ್ಕಂಡು ಮೊಗ್ಗು ಬಿಡಲ್ಲ, ಸುಮ್ಕೆ ಬೆಳೀತದೆ. ಬಲ್ಬು ಆರಿಸಿದ್ಮೇಲೇ ಹೂವು. ಗಿಡವೇ ನಂಬ್ತದೆ. ನಾನು ಗಿಡಕ್ಕಿಂತ ಬುದ್ವಂತೆನಾ?”

ಹಾಗಾದರೆ ತೋಟದ ಬಲ್ಬು ಉರಿಯುವಾಗ ಈ ಮನೆಯಲ್ಲಿ ಉಣ್ಣುತ್ತೀರಲ್ಲ ಎಂದು ಶಿರೀಷಾ ಕೇಳಿದಳು. ತೋಟ ಇರುವುದು ಮೂಡಣಕ್ಕೆ, ಮೂಡಣದಲ್ಲಿ ಎಷ್ಟು ಬಲ್ಬು ಹಾಕಿದರೂ ಅದು ಸಂಜೆಯಾಗುವುದಿಲ್ಲ ಎಂಬ ಉತ್ತರ ಬಂತು. ಪಡುವಣದ ಬಂಡೆ, ಕೆಂಪು ಬೆಳಕು, ಸೂರ್ಯ ಮುಳುಗಿದ ಹೊತ್ತು. ಇಷ್ಟೂ ಇರುವಾಗ ಇನ್ನೇನು ಕಡಿಮೆ ಎಂದು ಗಂಗುಲಮ್ಮ ತಿರುಗಿ ಕೇಳಿದರು. ಶಿರೀಷಾ ಯೋಚಿಸಿದಳು. ಅವಳ ಲೆಕ್ಕದಲ್ಲೂ ಏನೂ ಕಡಿಮೆಯಿರಲಿಲ್ಲ. ಒಂದು ವರ್ಷ ದುಡಿದದ್ದೇ ಅದಕ್ಕಾಗಿ.

ಕೊನೆಗೆ ಒಂದು ಒಪ್ಪಂದವಾಯಿತು. ಅಂದು ಕಡೆಯ ಪ್ರದರ್ಶನ, ಬೆಂಗಳೂರಿನಿಂದ ಎರಡು ಬಸ್ಸು ತುಂಬ ಜನ ಬರುವವರಿದ್ದರು. ಜಾವದವರೆಗೆ ಕಾಯುವುದು ಬೇಡ, ಜನ ನೋಡಿದ ಮೇಲೆ ಗಂಗುಲಮ್ಮ ಫೋನಿನಲ್ಲಿ “ಕಳೀತು” ಎಂದರೆ ಸಾಕು, ತಕ್ಷಣ ಆರಿಸುತ್ತೇನೆ ಎಂದಳು ಶಿರೀಷಾ. ಹನುಮಂತರಾಯಪ್ಪನಿಗೆ ಸಮಾಧಾನವಾಯಿತು. ತಾಯಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಮಾತ್ರೆ ನುಂಗುತ್ತಾಳೆ. ಈ ಒಪ್ಪಂದದಲ್ಲಿ ಒಂದು ತೊಡಕಿದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಸಂಜೆ ಶಿರೀಷಾ ಮೈಕಿನಲ್ಲಿ ಜನರಿಗೆ ಹೇಳಿದಳು: ಈ ಸಂಜೆಯನ್ನು ಮುಗಿಸುವವಳು ನಾನಲ್ಲ, ಕೆಳಗಿನ ಊರಿನ ಗಂಗುಲಮ್ಮ. ಅವರು ಹೇಳುವವರೆಗೆ ನಾನು ಸ್ವಿಚ್ಚು ಮುಟ್ಟುವುದಿಲ್ಲ. ಜನ ಚಪ್ಪಾಳೆ ತಟ್ಟಿದರು. ಏಳೂವರೆಗೆ ಗಂಗುಲಮ್ಮನ ಮನೆಯ ಫೋನು ಬಡಿದುಕೊಂಡಿತು. ಧನುಶ್ರೀ ಅದನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದಳು. ಬೀದಿಯ ಹೆಂಗಸರೆಲ್ಲ ಹಿತ್ತಿಲಿನಲ್ಲಿ ನೆರೆದಿದ್ದರು.

“ಅವ್ವಾ, ಕಳೀತು ಅನ್ನಿ. ಆರಿಸ್ತೀನಿ.”

“ಕೆಂಪು ಐತಲ್ಲಮ್ಮ. ಹೋಗ್ಲಿ, ಅಂತೀನಿ.”

“ನೀವು ಅಂದ್ರೆ ತಾನೇ ಹೋಗೋದು?”

“ಹೋದ್ರೆ ತಾನೇ ಅನ್ನೋದು?”

ಅತ್ತ ಶಿರೀಷಾ ಜನರೆದುರು ಮಾತು ಕೊಟ್ಟಾಗಿತ್ತು. ಇತ್ತ ಗಂಗುಲಮ್ಮ ಕಣ್ಣೆದುರಿನ ಕೆಂಪನ್ನು ಇಲ್ಲವೆಂದು ಹೇಳುವವರಲ್ಲ. ಹನುಮಂತರಾಯಪ್ಪ ಕಾಲು ಹಿಡಿಯುವುದೊಂದು ಬಾಕಿ. ಒಂದು ಮಾತಮ್ಮ, ಒಂದೇ ಮಾತು, ಅಂದ ಮರುಕ್ಷಣ ಅದು ನಿಜವಾಗುತ್ತದೆ ಎಂದ. ಮರುಕ್ಷಣ ನಿಜವಾಗುವುದು ಈ ಕ್ಷಣ ಸುಳ್ಳೇ ಎಂದರು ತಾಯಿ. ತಾನು ಕಳೆಯಿತೆಂದರೆ ಬೀದಿಯವರು ಕಣ್ಣುಮುಚ್ಚಿ ನಂಬಿ ಉಣ್ಣುತ್ತಾರೆ, ಒಂದು ಸಲ ನೋಡದೆ ಹೇಳಿದರೆ ನಾಳೆಯಿಂದ ಯಾಕೆ ನಂಬಬೇಕು ಎಂದು ಕೇಳಿದರು. ನಲ್ಲಪ್ಪ ಗೋಡೆಯಾಚೆಯಿಂದ ಇಬ್ಬರ ವಾದವೂ ಸರಿಯಾಗಿದೆ ಎಂದು ತೀರ್ಪು ಕೊಟ್ಟ. ಬಂಡೆಯ ಬಳಿ ಪೇಟೆಯ ಜನ ಇದೂ ಕೃತಿಯ ಭಾಗವೇ ಎಂದುಕೊಂಡು ಗಂಭೀರವಾಗಿ ನಿಂತಿದ್ದರು. ಹೀಗೇ ಒಂದು ಗಂಟೆ ಕಳೆಯಿತು. ಗಂಗುಲಮ್ಮನ ಕೈ ಸಣ್ಣಗೆ ನಡುಗತೊಡಗಿತ್ತು. ಅದನ್ನು ಮುಚ್ಚಲು ಅವರು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು.

ಅದನ್ನು ನೋಡಿದವಳು ಓಬಳಮ್ಮ ಒಬ್ಬಳೇ. ಅವಳು ಒಳಗಿನಿಂದ ಬಂದು, ಮಗಳ ಕೈಯಿಂದ ಫೋನು ಕಿತ್ತುಕೊಂಡು, ಬಂಡೆಯ ಕಡೆ ನೋಡದೆ ಹೇಳಿದಳು:

“ಕಳೀತು ಕಣಮ್ಮ.”

ಬಂಡೆ ಕಪ್ಪಾಯಿತು. ಆಕಾಶದಲ್ಲಿ ಅಷ್ಟು ಹೊತ್ತು ಕಾಣದಿದ್ದ ಚುಕ್ಕಿಗಳು ಕಂಡವು. ಹಿತ್ತಿಲಿನಿಂದ ಯಾರೂ ತಮ್ಮ ಮನೆಗೆ ಹೊರಡಲಿಲ್ಲ. ಗಂಗುಲಮ್ಮ ಸೊಸೆಯನ್ನು ನೋಡಿದರು, ಆಮೇಲೆ ತುಳಸಿಕಟ್ಟೆ ನೋಡಿದರು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವಷ್ಟು ಹೊತ್ತು ಬಿಟ್ಟು, ಇನ್ನೊಮ್ಮೆ ನೋಡಿ, ಎಂದಿನ ದನಿಯಲ್ಲಿ ಹೇಳಿದರು: “ಈಗ ಕಳೀತು.”

ಹೆಂಗಸರು ಚದುರಿದರು. ಅತ್ತೆ ಸೊಸೆ ಎದುರುಬದುರು ಕುಳಿತು ಉಂಡರು. ಮಾತ್ರೆಯನ್ನು ಓಬಳಮ್ಮನೇ ತಂದುಕೊಟ್ಟಳು. ಸುಳ್ಳು ಹೇಳಿದ್ದಕ್ಕೆ ಏನು ಕೇಳಬೇಕಾಗುತ್ತದೋ ಎಂದು ಅವಳು ತಲೆ ಎತ್ತಲಿಲ್ಲ. ಗಂಗುಲಮ್ಮ ಸಾರು ಉಪ್ಪಾಗಿದೆ ಎಂದರು, ಅಷ್ಟೇ.

ಊಟ ಮುಗಿಯುವ ಹೊತ್ತಿಗೆ ಶಿರೀಷಾ ಬಂದಳು. ಕೈ ಮುಗಿದು, ಧನುಶ್ರೀ ಕೊಟ್ಟ ಮಜ್ಜಿಗೆ ಕುಡಿದು, ಇಷ್ಟು ವರ್ಷದಲ್ಲಿ ನೀವು ಹೇಳಿದ್ದು ಎಷ್ಟು ಸಲ ತಪ್ಪಾಗಿದೆ ಎಂದು ಕೇಳಿದಳು. ಗಂಗುಲಮ್ಮ ತಮಾಷೆಯೆಂದುಕೊಳ್ಳಲಿಲ್ಲ. ಕೈ ತೊಳೆದು ಬಂದು, ಕುಳಿತು, ನೆನಪು ಮಾಡಿಕೊಂಡರು. ಬೆಟ್ಟದ ಬಾದೆಹುಲ್ಲಿಗೆ ಬೆಂಕಿ ಬಿದ್ದ ವರ್ಷ, ಉರಿಯನ್ನೇ ಸಂಜೆಯೆಂದುಕೊಂಡು ತಡವಾಗಿ ಹೇಳಿದ್ದರು. ಹನುಮಂತರಾಯಪ್ಪ ಹುಟ್ಟಿದ ದಿನ ನೋವು ತಡೆಯಲಾರದೆ, ಎದ್ದು ನೋಡಲಾರದೆ, ಮುಂಚಿತವಾಗಿ ಹೇಳಿದ್ದರು. ಬೀದಿಯವರು ಅದನ್ನು ನಂಬಿ ಉಂಡಿದ್ದರು.

“ಇವತ್ತಿಂದೂ ಸೇರಿಸ್ಬೇಕಾ ಅವ್ವಾ?” ಎಂದಳು ಶಿರೀಷಾ.

“ಅದು ಓಬಳಮ್ಮಂದು. ಅವಳಿಗೆ ಒಂದು. ನಂದು ಎರಡು.”