ಬೀಡಿ ಕಟ್ಟಲು ಬಾರದ ಕೈ

ನಮ್ಮ ಕಾಲದ ಬಾಲ್ಯ ಎಷ್ಟು ಚೆಂದ ಇತ್ತು ಅಂತ ಯಾರಾದರೂ ಶುರು ಮಾಡಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಇಡೀ ಪರ್ತ್‌ನಲ್ಲಿ ಆ ಮಾತನ್ನು ಅತಿ ಹೆಚ್ಚು ಸಲ ಹೇಳಿದವಳು ನಾನೇ. ಬೈಯುವುದಾದರೆ ಮೊದಲು ನನ್ನನ್ನೇ ಬೈಯಬೇಕು.

ನಾನು ನರ್ಸು. ಮಸ್ಕತ್‌ನಲ್ಲಿ ಹನ್ನೊಂದು ವರ್ಷ ದುಡಿದು ಇಲ್ಲಿಗೆ, ಆಸ್ಟ್ರೇಲಿಯಾಕ್ಕೆ ಬಂದವಳು. ಕೆಲಸ ಜೂಂಡಲಪ್ ಕಡೆ, ಮನೆ ಎಲೆನ್‌ಬ್ರೂಕ್‌ನಲ್ಲಿ. ನಮ್ಮ ಬೀದಿಯ ಸುತ್ತಮುತ್ತ ಬೆಂಗಳೂರು, ಮೈಸೂರಿನ ಇಂಜಿನಿಯರ್ ಹುಡುಗರು ತುಂಬ ಇದ್ದಾರೆ. ಅವರಿಗೆಲ್ಲ ನಾನು ಮಂಗ್ಳೂರು ಆಂಟಿ. ಕೆಲವು ವರ್ಷಗಳ ಹಿಂದೆ ಪಾರ್ಕಿನಲ್ಲಿ ಒಂದು ಬಾರ್ಬಿ, ಅಂದರೆ ಬಾರ್ಬೆಕ್ಯೂ ಊಟ ಇತ್ತು. ಮಕ್ಕಳೆಲ್ಲ ಫೋನ್ ಹಿಡಿದು ಕೂತದ್ದನ್ನು ನೋಡಿ ಸಾಸೇಜ್ ತಿರುಗಿಸುತ್ತಿದ್ದ ಒಬ್ಬ ಕೇಳಿದ, "ಆಂಟಿ, ನೀವು ಚಿಕ್ಕೋರಿದ್ದಾಗ ಏನ್ ಮಾಡ್ತಿದ್ರಿ?" ನನ್ನ ಬಾಯಿಗೆ ಅದೆಲ್ಲಿಂದ ಬಂತೋ! "ನಾನಾ? ನಾನು ಬೀಡಿ ಕಟ್ತಿದ್ದೆ ಮಾರಾಯ. ಬೀಡಿ ಕಟ್ಟಿಯೇ ಓದಿದ್ದು" ಅಂದೆ. ಒಬ್ಬ ಹುಡುಗಿಯ ಕಣ್ಣಲ್ಲಿ ನೀರೇ ಬಂತು. ಸತ್ಯ ಹೇಳುತ್ತೇನೆ, ಆ ಕಣ್ಣೀರು ನೋಡಿ ನನಗೆ ಖುಷಿಯಾಯಿತು.

ಆಮೇಲೆ ಅದು ನಿಲ್ಲಲೇ ಇಲ್ಲ. ಕನ್ನಡ ಕೂಟದಲ್ಲಿ ಮಾತಾಡಿ ಅಂದರು, ಮಾತಾಡಿದೆ. ಮಗಳ ಶಾಲೆಯಲ್ಲಿ ಕರೆದರು, ಹೋದೆ. ಅಡಿಲೇಡ್‌ನವರು, ಬ್ರಿಸ್ಬೇನ್‌ನವರು ವೀಡಿಯೊದಲ್ಲಿ ಕೂರಿಸಿಕೊಂಡು ಕೇಳಿದರು. ಹೇಳಿದಷ್ಟೂ ಕಥೆ ಚೆಂದವಾಗುತ್ತಾ ಹೋಯಿತು. ಅಂಗಳದ ಪೇರಳೆ ಮರ ಬಂತು, ತೋಡಿನ ನೀರಿನಲ್ಲಿ ಬೈರಾಸು ಟವೆಲು ಹರಡಿ ಹಿಡಿದ ಸಣ್ಣ ಮೀನು ಬಂತು, ಪಕ್ಕದ ಮನೆಯ ರೇಡಿಯೊ ನಮಗೂ ಕೇಳಲಿ ಅಂತ ಅವರು ಕಿಟಕಿಯಲ್ಲಿ ಇಡುತ್ತಿದ್ದದ್ದು ಬಂತು. ಇದೆಲ್ಲ ಇದ್ದದ್ದೇ, ಸುಳ್ಳಲ್ಲ. ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಅಮ್ಮನ ಪಕ್ಕ ಬೀಡಿ ಕಟ್ಟುತ್ತಾ ಪಾಠ ಬಾಯಿಪಾಠ ಮಾಡುವ ಒಬ್ಬ ಹುಡುಗಿಯೂ ಆ ಕಥೆಯಲ್ಲಿದ್ದಳು. ಆ ಹುಡುಗಿ ನಾನಲ್ಲ. ಅವಳು ನನ್ನ ಅಕ್ಕ, ಬಾಯಿಪಾಠ ಒಂದು ಮಾತ್ರ ನನ್ನದು.

ಕಥೆಯಲ್ಲಿ ಅಕ್ಕ ಇರಲೇ ಇಲ್ಲ. ಮರೆತು ಬಿಟ್ಟುಹೋಯಿತು ಅಂದರೆ ಅದು ಇನ್ನೊಂದು ಸುಳ್ಳು. ಅಕ್ಕ ಬಂದರೆ ಬೀಡಿ ಕಟ್ಟುವವಳು ಅವಳಾಗುತ್ತಾಳೆ, ನಾನು ಅವಳ ದುಡಿಮೆಯಲ್ಲಿ ಪುಸ್ತಕ ಹಿಡಿದು ಕೂತವಳಾಗುತ್ತೇನೆ. ಅದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ?

ನಡೆದದ್ದು ಹೀಗೆ. ನಮ್ಮ ಊರು ಬಂಟ್ವಾಳದ ಆಚೆ. ಅಪ್ಪ ಬೊಂಬಾಯಿಯ ಹೋಟೆಲಿಗೆ ಅಂತ ಹೋದವರು ತಿರುಗಿ ಬರಲಿಲ್ಲ. ಅಮ್ಮ ಬೀಡಿ ಕಟ್ಟಿ ನಮ್ಮಿಬ್ಬರನ್ನು ಸಾಕಿದಳು. ಅಕ್ಕ ಏಳನೇ ಕ್ಲಾಸು ಮುಗಿಸುವಾಗ ಅಮ್ಮನ ಬೆನ್ನು ಹೋಯಿತು, ತುಂಬ ಹೊತ್ತು ಕೂರಲಿಕ್ಕೆ ಆಗುತ್ತಿರಲಿಲ್ಲ. ಒಬ್ಬಳನ್ನು ಶಾಲೆ ಬಿಡಿಸದೆ ಬೇರೆ ದಾರಿ ಇರಲಿಲ್ಲ. ಯಾರನ್ನು ಅಂತ ಅಮ್ಮ ಹೇಳಲಿಲ್ಲ. ದೊಡ್ಡ ರಜೆಯಲ್ಲಿ ಇಬ್ಬರನ್ನೂ ಕೂರಿಸಿ ಕಲಿಸಲು ಶುರು ಮಾಡಿದಳು. ಆಗ ನಾನು ನಾಲ್ಕನೇ ಕ್ಲಾಸು.

ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಬೇಕು, ಹೊಗೆಸೊಪ್ಪಿನ ಹುಡಿ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲದ ಹಾಗೆ ಹಾಕಬೇಕು, ಬಿಗಿಯಾಗಿ ಸುತ್ತಬೇಕು, ತುದಿ ಮಡಚಬೇಕು, ನೂಲು ಕಟ್ಟಬೇಕು. ಅಮ್ಮನ ಬಲಗೈ ಹೆಬ್ಬೆರಳಿಗೆ ಹಿಂದೊಮ್ಮೆ ಕತ್ತಿ ತಾಗಿ ಉಗುರೇ ಇರಲಿಲ್ಲ. ಅವಳು ತುದಿ ಮಡಚುವುದು ಎಡಗೈ ಹೆಬ್ಬೆರಳಿನ ಉಗುರಿನಲ್ಲಿ. ಊರಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ನಾವು ಅಮ್ಮನನ್ನೇ ನೋಡಿ ಕಲಿತವರು, ಹಾಗೆಯೇ ಕಲಿತೆವು.

ನನಗೆ ನಾಲ್ಕೇ ದಿನದಲ್ಲಿ ಬಂತು. ಅಕ್ಕನಿಗಿಂತ ಮೊದಲೇ ಬಂತು. ಐದನೇ ದಿನ ನನಗೆ ಗೊತ್ತಾಯಿತು, ಚೆಂದ ಕಟ್ಟುವವಳು ಮನೆಯಲ್ಲಿ ಉಳಿಯುವುದು ಅಂತ. ಅವತ್ತಿನಿಂದ ಬೇಕೆಂದೇ ಸಡಿಲ ಸುತ್ತಿದೆ. ತುದಿ ಬಿಚ್ಚಿಕೊಳ್ಳುವ ಹಾಗೆ ಮಡಚಿದೆ. ಬೀಡಿ ತೆಗೆದುಕೊಳ್ಳುವ ಅಂಗಡಿಗೆ ನಮ್ಮಲ್ಲಿ ಬ್ರಾಂಚು ಅನ್ನುವುದು. ಬ್ರಾಂಚಿನವರು ನನ್ನ ಬೀಡಿಯನ್ನೆಲ್ಲ ಎತ್ತಿ ಅಂಗಳಕ್ಕೆ ಎಸೆದರು. ಅಮ್ಮ ಸೌಟಿನಲ್ಲಿ ಹೊಡೆದಳು, ಕೈ ಹಿಡಿದು ತೋರಿಸಿದಳು, ಕಡೆಗೆ ಅತ್ತಳು. ಅವಳು ಅಳುವಾಗಲೂ ನಾನು ಸಡಿಲವೇ ಸುತ್ತಿದೆ. ಹತ್ತು ವರ್ಷದ ಹುಡುಗಿಗೆ ಅಷ್ಟು ಕಪಟ ಉಂಟಾ ಅಂತ ಕೇಳಬೇಡಿ. ಉಂಟು.

ಜೂನಿನಲ್ಲಿ ನಾನು ಶಾಲೆಗೆ ಹೋದೆ, ಅಕ್ಕ ಜಗಲಿಯಲ್ಲಿ ಕೂತಳು. ನನ್ನ ಹೈಸ್ಕೂಲು, ನರ್ಸಿಂಗು, ಎಲ್ಲ ಅವಳ ಬೆರಳಿನಿಂದ ಬಂದದ್ದು. ಮದುವೆಯಾದ ಮೇಲೆಯೂ ಕಟ್ಟಿದಳು, ಮಕ್ಕಳನ್ನು ಕಟ್ಟಿಯೇ ಸಾಕಿದಳು. ಈಗ ಅವಳ ತೋರುಬೆರಳು ನೆಟ್ಟಗೆ ನಿಲ್ಲುವುದಿಲ್ಲ. ಆದರೂ ಯಾರು ಕೇಳಿದರೂ ನಗುತ್ತಾ ಹೇಳುತ್ತಿದ್ದಳು, "ನನ್ನ ತಂಗಿಯ ಕೈಗೆ ಬೀಡಿ ಹತ್ಲೇ ಇಲ್ಲ ಮಾರ್ರೆ. ಹಾಗಾಗಿ ಅವಳು ನರ್ಸು ಆದದ್ದು. ಎಲ್ಲ ಹಣೆಬರಹ." ಅಷ್ಟು ವರ್ಷ ಅವಳು ಯಾರ ಮೇಲೂ ಸಿಟ್ಟಿಲ್ಲದೆ ಬದುಕಿದ್ದು ಆ ಒಂದು ನಂಬಿಕೆಯ ಮೇಲೆ.

ಈ ವರ್ಷ ಅವಳನ್ನು ಮೂರು ತಿಂಗಳಿಗೆ ಇಲ್ಲಿಗೆ ಕರೆಸಿಕೊಂಡೆ. ಪ್ರೀತಿಯೋ, ಪಾಪಪ್ರಜ್ಞೆಯೋ, ಎರಡೂ ಇರಬಹುದು. ಬಂದ ಮರುದಿನವೇ ಕಬ್ಬಿಣದ ಅಂಶವಿರುವ ಬೋರಿನ ನೀರು ಬಿದ್ದು ಕೆಂಪಾದ ನಮ್ಮ ಕಾಂಪೌಂಡನ್ನು ತಿಕ್ಕಲು ಕೂತಳು. "ಅದು ಹೋಗುದಿಲ್ಲ ಅಕ್ಕ, ಇಲ್ಲಿಯ ಎಲ್ಲರ ಗೋಡೆಯೂ ಹಾಗೇ" ಅಂದರೂ ಕೇಳಲಿಲ್ಲ. ಕೆಲಸವಿಲ್ಲದೆ ಕೂರಲು ಅವಳಿಗೆ ಗೊತ್ತೇ ಇಲ್ಲ.

ಒಂದು ಭಾನುವಾರ ಮಧ್ಯಾಹ್ನ ಕನ್ನಡ ಕೂಟದವರು ಹಾಲ್‌ನಲ್ಲಿ 'ನಮ್ಮೂರ ಬಾಲ್ಯ' ಅಂತ ಕಾರ್ಯಕ್ರಮ ಇಟ್ಟಿದ್ದರು. ಅಕ್ಕನಿಗೆ ನಾನು ಹೇಳಿರಲಿಲ್ಲ. ನನ್ನ ಮಗಳು ಹೇಳಿಬಿಟ್ಟಳು. ಅಕ್ಕ ಪೆಟ್ಟಿಗೆಯ ತಳದಿಂದ ರೇಷ್ಮೆ ಸೀರೆ ತೆಗೆದು ಉಟ್ಟು, "ನನ್ನ ತಂಗಿ ಮೈಕಿನಲ್ಲಿ ಮಾತಾಡುದನ್ನು ನೋಡ್ಬೇಡ್ವಾ?" ಅಂತ ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಳು. ದಾರಿಯುದ್ದಕ್ಕೂ ನಿಶ್ಚಯ ಮಾಡಿದೆ, ಇವತ್ತು ಸರಿಯಾಗಿ ಹೇಳುತ್ತೇನೆ, ಕಟ್ಟಿದ್ದು ನನ್ನ ಅಕ್ಕ, ಇಗೋ ಇಲ್ಲಿ ಕೂತಿದ್ದಾಳೆ ಅಂತ ಎಬ್ಬಿಸಿ ನಿಲ್ಲಿಸುತ್ತೇನೆ ಅಂತ.

ಮೈಕ್ ಕೈಗೆ ಬಂತು. ಆ ಹುಡುಗ ಹುಡುಗಿಯರ ಮುಖ ಕಂಡಿತು. ಬಾಯಿ ತೆರೆದರೆ ಬಂದದ್ದು "ನಾನು" ಅಂತಲೇ. ಥೂ ನನ್ನ ಜನ್ಮಕ್ಕೆ.

ಅಕ್ಕ ಮೊದಲನೇ ಸಾಲಿನಲ್ಲಿದ್ದಳು. ಅವಳ ಜಗಲಿ, ಅವಳ ಮೊರ, ಕೂದಲಿಗೆ ಹತ್ತಿದ ಹೊಗೆಸೊಪ್ಪಿನ ವಾಸನೆಗೆ ಮದುವೆಮನೆಯಲ್ಲಿ ಅವಳನ್ನು ದೂರ ಕೂರಿಸಿದ ಗೆಳತಿಯರು, ಎಲ್ಲವನ್ನೂ ಅವಳೆದುರೇ ನನ್ನದು ಅಂತ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿದಳು. ಅಷ್ಟಕ್ಕೇ ಮುಗಿದಿದ್ದರೆ ಅವಳು ಕ್ಷಮಿಸುತ್ತಿದ್ದಳು, ನನಗೆ ಗೊತ್ತು. ತಂಗಿ ನಾಲ್ಕು ಜನರೆದುರು ದೊಡ್ಡಸ್ತಿಕೆ ಕೊಚ್ಚಿದಳು, ಹೋಗ್ಲಿ ಬಿಡು ಅನ್ನುತ್ತಿದ್ದಳು.

ಆಗ ನಿರೂಪಣೆ ಮಾಡುತ್ತಿದ್ದ ಹುಡುಗ ಒಂದು ತಟ್ಟೆ ತಂದ. ಎಲೆಯ ಹಾಗೆ ಕತ್ತರಿಸಿದ ಬೇಕಿಂಗ್ ಪೇಪರ್, ಚಹಾಪುಡಿ, ನೂಲು. "ಆಂಟಿ, ಸರ್ಪ್ರೈಸ್! ಮಕ್ಳಿಗೆ ಒಂದು ಲೈವ್ ಡೆಮೊ ತೋರಿಸ್ಬಿಡಿ" ಅಂದ. ಹಾಲ್‌ನವರೆಲ್ಲ ಚಪ್ಪಾಳೆ ತಟ್ಟಿದರು. ಕಟ್ಟಲು ಬರದಿದ್ದರೆ ಇಷ್ಟು ವರ್ಷದ ನನ್ನ ಕಥೆಯೆಲ್ಲ ಸುಳ್ಳು ಅಂತ ಅವರಿಗೆ ಗೊತ್ತಾಗುತ್ತದೆ. ಕಟ್ಟಿದರೆ ಅಕ್ಕನಿಗೆ ಗೊತ್ತಾಗುತ್ತದೆ. ಕೈ ನೋವು ಅನ್ನಬಹುದಿತ್ತು, ಕನ್ನಡಕ ತಂದಿಲ್ಲ ಅನ್ನಬಹುದಿತ್ತು. ನಾನು ಕಾಗದ ಎತ್ತಿಕೊಂಡೆ.

ಕೈಗೆ ನೆನಪಿತ್ತು. ಹುಡಿ ಸಾಲಾಗಿ ಬಿತ್ತು, ಸುರುಳಿ ಬಿಗಿಯಾಗಿ ಬಂತು, ಎಡಗೈ ಹೆಬ್ಬೆರಳು ತಾನಾಗಿಯೇ ಹೋಗಿ ತುದಿ ಮಡಚಿತು. ಹುಡುಗ ಅದನ್ನು ಎತ್ತಿ ಹಿಡಿದು, "ನೋಡಿ, ನೋಡಿ, ಎಷ್ಟ್ ಪರ್ಫೆಕ್ಟಾಗಿದೆ!" ಅಂತ ಕೂಗಿದ. ಎಲ್ಲರೂ ಎದ್ದು ನಿಂತರು. ಅಕ್ಕ ಕೂತೇ ಇದ್ದಳು. ಅವಳು ನನ್ನ ಮುಖ ನೋಡಲಿಲ್ಲ, ನನ್ನ ಎಡಗೈಯನ್ನು ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವಳೂ ಚಪ್ಪಾಳೆ ತಟ್ಟಿದಳು.

ವಾಪಸು ಬರುವಾಗ ಹಿಂದಿನ ಸೀಟಿನಿಂದ ಮಗಳು, "ಮಮ್, ಯು ವರ್ ಅಮೇಝಿಂಗ್" ಅಂದಳು. ಆಮೇಲೆ, "ದೊಡ್ಡಮ್ಮ, ಡಿಡ್ ಯು ಎವರ್ ಡು ಇಟ್ ಟೂ?" ಅಂತ ಕೇಳಿದಳು. ಅಕ್ಕನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. "ಸ್ವಲ್ಪ ಸ್ವಲ್ಪ ಮಗಾ" ಅಂದಳು.

ದಾರಿಯಲ್ಲಿ ಸರ್ವೊ, ಇಲ್ಲಿಯ ಪೆಟ್ರೋಲ್ ಬಂಕು ಬಂತು. ಪೆಟ್ರೋಲ್ ಹಾಕಿ ಕಾರಿನೊಳಗೆ ಕೂತೆ. ಮಗಳು ಕುಡಿಯಲು ತಂಪು ತರುತ್ತೇನೆ ಅಂತ ಅಂಗಡಿಯೊಳಗೆ ಹೋದಳು. ನಾವಿಬ್ಬರೇ ಉಳಿದೆವು.

"ಯಾವಾಗ ಕಲ್ತದ್ದು ನೀನು?" ಅಕ್ಕ ಕೇಳಿದಳು.

ಫೋನಿನಲ್ಲಿ ವೀಡಿಯೊ ನೋಡಿ ಕಲಿತೆ ಅನ್ನಬೇಕು ಅಂತ ನಾಲಗೆ ತುದಿಗೆ ಬಂದಿತ್ತು. ಆದರೆ ಯಾವ ವೀಡಿಯೊದಲ್ಲೂ ಯಾರೂ ಅಮ್ಮನ ಹಾಗೆ ಎಡಗೈಯಲ್ಲಿ ಮಡಚುವುದಿಲ್ಲ. "ಆಗಲೇ" ಅಂದೆ.

"ಆ ರಜೆಯಲ್ಲಾ?"

"ಹೌದು."

"ಮತ್ತೆ ಬ್ರಾಂಚಿನವರು ಎಸೆದದ್ದು?"

"ಬೇಕಂತಲೇ ಹಾಳು ಮಾಡಿದ್ದು."

ನಾನು ಸ್ಟೀರಿಂಗ್ ಹಿಡಿದುಕೊಂಡೇ, "ಬೈ ಅಕ್ಕ. ಕೆನ್ನೆಗೆ ಎರಡು ಕೊಡು ಬೇಕಾದ್ರೆ" ಅಂದೆ. ಅವಳು ಬೈಯಲಿಲ್ಲ. ಯಾರದೋ ಮನೆಯ ವಿಷಯ ಹೇಳುವ ಹಾಗೆ ಮೆಲ್ಲಗೆ ಹೇಳಿದಳು.

"ನಿನಗೆ ಗೊತ್ತಿಲ್ಲ. ಆ ವರ್ಷ ನಿನ್ನನ್ನೇ ಬಿಡಿಸುದು ಅಂತ ಆಗಿತ್ತು. ಹೆಡ್‌ಮಾಸ್ಟ್ರು ಮನೆಗೇ ಬಂದು ಅಮ್ಮನಿಗೆ ಹೇಳಿದ್ರು, ದೊಡ್ಡವಳು ಹುಷಾರುಂಟು, ಅವಳನ್ನು ಬಿಡಿಸ್ಬೇಡಿ ಅಂತ. ಅಮ್ಮ ಒಪ್ಪಿದ್ಲು. ಸಣ್ಣವಳು ಕಳಪೆ ಕಟ್ಟಿದ್ರೂ ಅಡ್ಡಿಯಿಲ್ಲ, ಹೊಡೆದು ಬಡಿದು ಕಲಿಸ್ತೇನೆ ಅಂದ್ಲು. ನಾನೇ ಬೇಡ ಅಂದದ್ದು. ಅದರ ಕೈಗೆ ಹತ್ತುದಿಲ್ಲ ಅಮ್ಮ, ಬೀಡಿಯೂ ಬರುದಿಲ್ಲ, ಶಾಲೆಯೂ ಇಲ್ಲ ಅಂತಾದ್ರೆ ಪಾಪ ಅದು ನಾಳೆ ಎಂತ ಮಾಡಿ ಬದುಕುದು? ನನಗೆ ಹೇಗೂ ಬರ್ತದೆ, ನಾನು ಕೂರ್ತೇನೆ ಅಂತ ಹೇಳಿದೆ."

ಅಮ್ಮನನ್ನು ಮೋಸ ಮಾಡಿ ಗೆದ್ದೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ನನ್ನ ಮೋಸಕ್ಕೆ ಅಮ್ಮನ ಮನಸ್ಸು ಬದಲಾಗಿರಲೇ ಇಲ್ಲ. ಮೋಸ ಹೋದವಳು ಅಕ್ಕ ಒಬ್ಬಳೇ, ಅದೂ ನನ್ನ ಮೇಲಿನ ಕನಿಕರಕ್ಕೆ.

ಮಗಳು ಬರುವುದು ಕಂಡಿತು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅವಳಿಗೆ ಇದನ್ನೆಲ್ಲ ಹೇಳ್ಬೇಡ. ತನ್ನ ಅಮ್ಮ ಅಂದ್ರೆ ಅವಳಿಗೆ ಎಷ್ಟು ಹೆಮ್ಮೆ" ಅಂದಳು.

ನಾನು ಹೇಳಲಿಲ್ಲ. ಅಕ್ಕ ಬೇಡ ಅಂದದ್ದಕ್ಕಲ್ಲ, ನನಗೂ ಹೇಳುವುದು ಬೇಡವಾಗಿತ್ತು. ಅಕ್ಕ ಊರಿಗೆ ಹೋಗಿ ತಿಂಗಳಾಯಿತು, ಇವತ್ತಿಗೂ ಹೇಳಿಲ್ಲ. ಈಗ ಇದನ್ನು ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನಲ್ಲ, ಅದೂ ಯಾಕೆ ಅಂದರೆ, ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ.