ಸೆಲ್ ಇಳಿದ ಹಾಡು

ಅಂಬಾದಾಸನ ಮುಂದಿನ ಎರಡು ಹಲ್ಲು ಹೋದದ್ದು ಹುಡಗಿ ಎಂಬ ಊರಿನ ಅಗಸಿ ಬಾಗಿಲ ಮುಂದೆ, ಟ್ರ್ಯಾಕ್ಟರ್ ಟ್ರಾಲಿಯಲ್ಲಿ. ನಮ್ಮ ಕಡೆ ಬ್ಯಾಂಡಿನವರು ಮದುವೆ ಊರಿಗೆ ಹೋಗಿ ಸುಮ್ಮನೆ ಇಳಿಯುವಂತಿಲ್ಲ. ಊರು ಕಾಣುತ್ತಲೇ ಟ್ರಾಲಿಯಲ್ಲೇ ನಿಂತು ಬಾರಿಸಲು ಶುರು ಮಾಡಬೇಕು, ಬೀಗರು ಬಂದರೆಂದು ಎಲ್ಲರಿಗೂ ತಿಳಿಯಬೇಕು. ಅವತ್ತು ಅಡ್ಡ ಬಂದ ಎಮ್ಮೆಯನ್ನು ಉಳಿಸಲು ಡ್ರೈವರ್ ಬ್ರೇಕ್ ಒತ್ತಿದ. ಎಮ್ಮೆ ಉಳಿಯಿತು. ಅಂಬಾದಾಸನ ಬಾಯಲ್ಲಿದ್ದ ಕ್ಲಾರ್ನೆಟ್ ಹಲ್ಲು ಕಿತ್ತುಕೊಂಡೇ ಹೊರಗೆ ಬಂತು.

ಇದು ಎಂಬತ್ಮೂರರ ಮಾತು. ನಾನು ಪಂಡರಿ. ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಸೈಕಲ್ ಅಂಗಡಿ. ಎಡಕ್ಕೆ ಗುಲಾಮ್ ರಸೂಲ್ ಸಾಹೇಬರ ಬ್ಯಾಂಡ್ ಕಂಪನಿ, ಬಲಕ್ಕೆ ಲಾಲ್ ಅಹ್ಮದನ ರೇಡಿಯೋ ರಿಪೇರಿ. ಇಬ್ಬರ ಗದ್ದಲದ ನಡುವೆ ಕೂತು ಪಂಕ್ಚರ್ ಹಚ್ಚುತ್ತ ನನ್ನ ಅರ್ಧ ಆಯುಷ್ಯ ಹೋಗಿದೆ. ಆದ್ದರಿಂದ ಅಂಬಾದಾಸನ ವಿಷಯ ಹೇಳಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಮುಂದಿನ ಹಲ್ಲಿಲ್ಲದವನಿಗೆ ಕ್ಲಾರ್ನೆಟ್ ಹಿಡಿತಕ್ಕೆ ಬರುವುದಿಲ್ಲ, ಗಾಳಿಯೆಲ್ಲ ಪಕ್ಕದಿಂದ ಸೋರುತ್ತದೆ. ಸಾಹೇಬರು ಒಳ್ಳೆಯವರೇ, ಆದರೆ ಅವರಿಗೂ ಬ್ಯಾಂಡ್ ನಡೆಯಬೇಕಲ್ಲ. ಅಂಬಾದಾಸನಿಗೆ ಸ್ಪೀಕರಿನ ಗಾಡಿ ದೂಡುವ ಕೆಲಸ ಕೊಟ್ಟರು. ಕೆಂಪು ಕೋಟು ಮಾತ್ರ ಬಿಚ್ಚಿಸಲಿಲ್ಲ. ಆ ಕೋಟು ತೊಟ್ಟು ಗಾಡಿ ದೂಡುವವನನ್ನು ನೋಡಿ ನನಗೇ ಸಂಕಟವಾಗುತ್ತಿತ್ತು. ಹಿಂದಿನ ವರ್ಷವಷ್ಟೇ ಅವನ ಹೆಂಡತಿ ಕಮಳಾಬಾಯಿ ಕಾಮಾಲೆಯಾಗಿ ತೀರಿಕೊಂಡಿದ್ದಳು. ಮನೆಯಲ್ಲಿ ಉಳಿದವಳು ಮಗಳು ಶೇವಂತಾ ಒಬ್ಬಳೇ. ಹನ್ನೆರಡರ ಹುಡುಗಿ ರೊಟ್ಟಿ ಬಡಿದಿಟ್ಟು ಶಾಲೆಗೆ ಓಡುತ್ತಿದ್ದಳು. ಸ್ವಲ್ಪ ದಿನದಲ್ಲಿ ಶಾಲೆ ಬಿಟ್ಟಳು, ರೊಟ್ಟಿ ಉಳಿಯಿತು.

ಆಗ ಬಂತು ಕ್ಯಾಸಿಯೋ, ಕರೆಂಟಿನ ಹಾರ್ಮೋನಿಯಂ. ಲಾಲ್ ಅಹ್ಮದನ ಅಕ್ಕನ ಗಂಡ ಸೌದಿಯ ಜಿದ್ದಾದಲ್ಲಿ ಕೆಲಸಕ್ಕಿದ್ದ. ರಜೆಗೆ ಬರುವಾಗ ಕಂಬಳಿ, ಸೆಂಟಿನ ಜೊತೆ ಅದನ್ನೂ ತಂದು ಸಾಹೇಬರಿಗೆ ಮಾರಿದ. ಸಾಹೇಬರು ಅಂಬಾದಾಸನನ್ನು ಕರೆದರು. ಅವನಿಗೆ ಭಜನೆಯ ಪೆಟ್ಟಿಗೆ ಬಾರಿಸಿ ಅಭ್ಯಾಸವಿತ್ತು.

"ನೋಡಪ್ಪ, ಇದಕ್ಕ ಹಲ್ಲ ಬೇಕಾಗಿಲ್ಲ. ಬೆರಳಿದ್ರ ಸಾಕು," ಎಂದರು.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ಅಂಬಾದಾಸನಿಗೆ ಹಲ್ಲು ಹೋದ ಮೇಲೇ ಕಡಲೆ ಸಿಕ್ಕಿತು. ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಕೊಳಲು. ಘಾಟಬೋರಾಳದಲ್ಲಿ ಒಬ್ಬ ಮುದುಕ, ಗಾಳಿ ಎಲ್ಲಿಂದ ಹೋಗುತ್ತದೆಂದು ಬಗ್ಗಿ ಕೆಳಗೆ ನೋಡಿದ. ನೋಡಿ, ಇದರೊಳಗೆ ಏನೋ ಅದ ಎಂದು ದೂರ ನಿಂತ.

ಒಂದು ವರ್ಷ ಕಳೆದು ಜಿದ್ದಾದಿಂದ ಒಂದು ಕ್ಯಾಸೆಟ್ ಬಂತು. ಆಗ ಓದು ಬಾರದ ಅತ್ತೆಗೆ ಅಳಿಯಂದಿರು ಕ್ಯಾಸೆಟ್ಟಿನಲ್ಲೇ ಮಾತಾಡಿ ಕಳಿಸುತ್ತಿದ್ದರು. ಲಾಲ್ ಅಹ್ಮದನ ಭಾವ ತಾನು ಚೆನ್ನಾಗಿದ್ದೇನೆ, ಬಿಸಿಲು ಬಹಳ ಇದೆ ಎಂದೆಲ್ಲ ಹೇಳಿ, ಉಳಿದ ಟೇಪು ಖಾಲಿ ಹೋಗಬಾರದೆಂದು ಜೊತೆ ಕೋಣೆಯಲ್ಲಿದ್ದವನ ಟೇಪ್ ಮಷಿನ್ನಿನಿಂದ ಒಂದು ಇಂಗ್ಲಿಷ್ ಹಾಡು ತುಂಬಿಸಿದ್ದ. ಅತ್ತೆಯ ಪಾಲು ಕೇಳಿ ಮುಗಿದ ಮೇಲೆ ಆ ಹಾಡು ನಮ್ಮ ಪಾಲಿಗೆ ಬಂತು.

ಅಂಥದ್ದನ್ನು ನಾವು ಕೇಳಿರಲಿಲ್ಲ. ಡೋಲು ಇದೆ, ಆದರೆ ತೊಗಲಿನ ಸದ್ದಲ್ಲ. ತಂತಿ ಇದೆ, ಆದರೆ ಮೀಟಿದ ಸದ್ದಲ್ಲ. ನಡುನಡುವೆ ಬಾವಿಯೊಳಗೆ ಹನಿ ಬಿದ್ದಂತೆ ಒಂದು ಸ್ವರ. ಅದರ ಮೇಲೆ ಒಬ್ಬ ಗಂಡಸು ದಪ್ಪ ದನಿಯಲ್ಲಿ, ದಿನವಿಡೀ ಮೂಟೆ ಹೊತ್ತು ಬಂದವನಂತೆ, ನಿಧಾನ ಹಾಡುತ್ತಿದ್ದ. ಹಾಡಿದ ಪಾರ್ಟಿಯ ಹೆಸರು ಗೊತ್ತಿರಲಿಲ್ಲ. ನಾವೇ 'ಕರೆಂಟ್ ಬ್ಯಾಂಡ್' ಎಂದು ಹೆಸರಿಟ್ಟೆವು. ಅವರು ಎಷ್ಟು ಮಂದಿ ಎಂಬುದೇ ದೊಡ್ಡ ಜಗಳ. ಕ್ಯಾಸಿಯೋದಂಥ ಮಷಿನ್ನೇ ಎಲ್ಲ ಮಾಡುತ್ತದೆ, ಇಬ್ಬರೇ ಇದ್ದಾರೆಂದು ಲಾಲ್ ಅಹ್ಮದ್. ಡೋಲಿನವನು ಇಲ್ಲದೆ ಬ್ಯಾಂಡ್ ಹ್ಯಾಂಗ ಆಗ್ತದ ಎಂದು ಸಾಹೇಬರು. ಸಾಹೇಬರ ಕಂಪನಿಯ ಡೋಲಿನವನು ಅವರ ತಂಗಿಯ ಗಂಡ, ಅವರಿಗೆ ಆ ಚಿಂತೆ.

ಅಂಬಾದಾಸ ಜಗಳಕ್ಕೆ ಬರುತ್ತಿರಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಒಮ್ಮೆ ಹಾಡು ಮುಗಿದ ಮೇಲೆ, "ಇವನ ಹೆಂಡತಿ ಸತ್ತಾಳ," ಎಂದ. ನಮ್ಮಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಅವನು ಹೇಳಿದ್ದೇ ಅರ್ಥವೆಂದು ನಾವೂ ಒಪ್ಪಿದೆವು.

ಅದನ್ನು ಅವನು ಕ್ಯಾಸಿಯೋದಲ್ಲಿ ಕಲಿತ. ಸಾಹೇಬರ ಅಂಗಡಿಯಲ್ಲಿ ಇಲಿಗಳು ವೈರು ಕಡಿಯುತ್ತವೆಂದು ಪೆಟ್ಟಿಗೆಯನ್ನು ಮನೆಗೇ ಒಯ್ಯುತ್ತಿದ್ದ. ಸಂಜೆಯಾದರೆ ಅವನ ಮನೆಯಿಂದ ಅದೇ ಹಾಡು, ಪಕ್ಕದಲ್ಲಿ ಶೇವಂತಾ ರೊಟ್ಟಿ ಬಡಿಯುವ ಸದ್ದು. ಮೊದಲ ಸಲ ಜನರ ಮುಂದೆ ಬಾರಿಸಿದ್ದು ಅದೇ ಹುಡಗಿ ಊರಿನ ಒಂದು ಮದುವೆಯಲ್ಲಿ, ಹೆಣ್ಣು ಒಪ್ಪಿಸುವ ಹೊತ್ತಿಗೆ. ಆ ಹೊತ್ತಿಗೆ ಬ್ಯಾಂಡಿನವರು ನಿಧಾನದ್ದೇನಾದರೂ ಬಾರಿಸಬೇಕು, ಅದು ಶುರುವಾದ ಮೇಲೆಯೇ ಹೆಂಗಸರು ಬಾಯಿಬಿಟ್ಟು ಅಳುವುದು. ಅವತ್ತು ಹೆಂಗಸರಿರಲಿ, ಹುಡುಗನ ಸೋದರಮಾವ, ಪೈಲ್ವಾನ ಮನುಷ್ಯ, ಅವನೂ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಆಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಆ ಹಾಡಿಲ್ಲದೆ ಮಗಳನ್ನು ಕಳಿಸುವುದೇ ಬಂದ್ ಆಯಿತು. "ಅಂಬಾದಾಸನ ಹಾಡು ಇರ್ಬೇಕ್ರಿ," ಎಂದು ಹೇಳಿಯೇ ಬ್ಯಾಂಡಿನ ಮಾತು ಪಕ್ಕಾ ಮಾಡುತ್ತಿದ್ದರು. ವರ್ಷ ಕಳೆದಂತೆ ಅವನು ಅದನ್ನು ಇನ್ನಷ್ಟು ನಿಧಾನ ಮಾಡಿದ. ಒಂದು ಸ್ವರ ಒತ್ತಿದರೆ ಬೆರಳು ಎತ್ತಲು ಮನಸ್ಸಿಲ್ಲದವನ ಹಾಗೆ. ಒಂದು ದಿನ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು, "ನಮ್ಮ ಶೇವಂತಾನ ಕಳಿಸೋ ದಿನ ಇದನ್ನ ಬಾರಿಸ್ತೀನಿ ಪಂಡರಿ. ಅಷ್ಟ ಆದ್ರ ಸಾಕು ನನಗ," ಎಂದ. ಬೇರೇನನ್ನೂ ಬೇಕೆಂದು ಅವನು ಕೇಳಿದ್ದನ್ನು ನಾನು ಕಂಡಿಲ್ಲ.

ಎಂಬತ್ತೊಂಬತ್ತರಲ್ಲಿ ಶೇವಂತಾಗೆ ಬಸವಕಲ್ಯಾಣದ ವರ ಗೊತ್ತಾಯಿತು. ಹೆಸರು ದೇವಿಂದ್ರ, ಹೈವೇ ಮೇಲಿನ ಗ್ಯಾರೇಜಿನಲ್ಲಿ ಕೆಲಸ. ಒಳ್ಳೆಯ ಹುಡುಗ, ಸ್ನೇಹಿತರು ಜಾಸ್ತಿ. ಅದೇ ಹೊತ್ತಿಗೆ ಲಾಲ್ ಅಹ್ಮದನ ಭಾವ ಜಿದ್ದಾ ಬಿಟ್ಟು ಬಂದ, ಬರುವಾಗ ಆ ಹಾಡಿನ ಅಸಲಿ ಕ್ಯಾಸೆಟ್ ತಂದ. ಮೇಲೆ ಫೋಟೋ ಇತ್ತು: ಕೂದಲು ಮೇಲಕ್ಕೆ ಬಾಚಿದ ಮೂವರು ಹುಡುಗರು, ಮೂವರ ಮುಂದೆಯೂ ಕ್ಯಾಸಿಯೋದಂಥ ಪೆಟ್ಟಿಗೆ. ಡೋಲಿಲ್ಲ. ಸಾಹೇಬರು ಫೋಟೋ ತಿರುಗಿಸಿ ಹಿಂದೆಯೂ ನೋಡಿದರು.

ಲಾಲ್ ಅಹ್ಮದ್ ಕ್ಯಾಸೆಟ್ ಹಾಕಿದ. ಹಾಡು ಕುದುರೆಯ ಹಾಗೆ ಓಡಿತು. ಗಾಯಕನ ದನಿ ಎಳೆ ಹುಡುಗನದ್ದು, ಖುಷಿಯದ್ದು. ಮಷಿನ್ ಕೆಟ್ಟಿದೆ ಎಂದು ನಾವು ನಕ್ಕೆವು. ಲಾಲ್ ಅಹ್ಮದ್ ಬೇರೆ ಮಷಿನ್ನಿಗೆ ಹಾಕಿದ. ಅಲ್ಲೂ ಅದೇ ಓಟ.

ಭಾವ ಸ್ವಲ್ಪ ಯೋಚಿಸಿ, "ಅವತ್ತು ಕೋಣೆಯವನ ಮಷಿನ್ನಿನಾಗ ಸೆಲ್ ಇಳಿದಿದ್ವು. ನಿಮ್ಮ ಕ್ಯಾಸೆಟ್ಟಿನಾಗ ಹಾಡು ಎಳಕೋತ ಎಳಕೋತ ತುಂಬ್ಯಾದ. ಇದು ಕುಣಿಯೋ ಹಾಡು, ಅಲ್ಲಿ ಪೋರಗೋಳು ಇದಕ್ಕ ಕುಣಿತಾವ," ಎಂದ. ಹೇಳಿ ನಕ್ಕ. ನನಗೆ ಅವನ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಸೆಲ್ ಹಾಕದವನು ಅವನು, ನಗುವವನೂ ಅವನು.

ಅಂಬಾದಾಸ ತಲೆ ತಗ್ಗಿಸಿ ಕೇಳಿದ. "ಇನ್ನೊಮ್ಮೆ ಹಾಕು," ಎಂದ. ಮುಗಿದ ಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡ. "ಅವನ ಹೆಂಡತಿ ಸತ್ತಿಲ್ಲ," ಎಂದಷ್ಟೇ ಹೇಳಿ ಹೋದ.

ಅಸಲಿ ಕ್ಯಾಸೆಟ್ ಬೇಗ ಬೇಗ ನಕಲಾಗಿ ಬಸವಕಲ್ಯಾಣಕ್ಕೂ ಮುಟ್ಟಿತು. ಅಲ್ಲಿಯ ಬಸ್‌ಸ್ಟ್ಯಾಂಡಿನ ಚಹಾ ಹೋಟೆಲುಗಳಲ್ಲಿ, ಟ್ರಕ್ಕುಗಳಲ್ಲಿ ಅದೇ ಓಡುವ ಹಾಡು. ದೇವಿಂದ್ರನ ಸ್ನೇಹಿತರು ಹೇಳಿ ಕಳಿಸಿದರು: ಹೆಣ್ಣು ಒಪ್ಪಿಸುವಾಗ ಅಸಲಿ ಓಟದ ಚಾಲಿನಲ್ಲೇ ಬಾರಿಸಬೇಕು, ನಾವು ಕುಣಿಯುತ್ತ ಮದುಮಗಳನ್ನು ಕರೆದೊಯ್ಯುತ್ತೇವೆ. ಅಂಬಾದಾಸ ಆಗುವುದಿಲ್ಲವೆಂದ. ಜೀವಮಾನದಲ್ಲಿ ಅವನು ಇಲ್ಲ ಎಂದದ್ದು ಅದೊಂದೇ ಇರಬೇಕು. ನಾವು ಹುಮನಾಬಾದಿನವರು ಅವನ ಬೆನ್ನಿಗೆ ನಿಂತೆವು. ಅಸಲಿಯೋ ನಕಲಿಯೋ, ಇಷ್ಟು ಮನೆಯ ಹೆಣ್ಣುಮಕ್ಕಳು ಆ ನಿಧಾನ ಹಾಡಿಗೆ ಅತ್ತು ಹೋಗಿದ್ದಾರೆ. ನಾಲ್ಕು ದಿನದ ಕ್ಯಾಸೆಟ್ ಹಿಡಿದು ಬಂದ ಗ್ಯಾರೇಜಿನ ಹುಡುಗರು ನಮಗೆ ಹೇಳಿಕೊಡುವುದೇ?

ಮದುವೆ ಓಣಿಯ ಪೆಂಡಾಲಿನಲ್ಲಿ, ಮುಂಜಾನೆ. ಬುದ್ಧರ, ಬಾಬಾಸಾಹೇಬರ ಫೋಟೋಗಳಿಗೆ ಹೂ ಏರಿಸಿ, ವಂದನೆ ಹೇಳಿಸಿ, ಊಟ ಮುಗಿಯುವಾಗ ಮಧ್ಯಾಹ್ನ ಇಳಿದಿತ್ತು. ಮದುವೆ ಮಾಡಿ ನೋಡು ಅನ್ನುವುದು ಸುಳ್ಳಲ್ಲ. ಬಡಿಸಿ, ಉಪಚರಿಸಿ ಅಂಬಾದಾಸನ ಮುಖ ಸುಟ್ಟ ಬದನೆಕಾಯಿ ಆಗಿತ್ತು. ಆದರೂ ಅಪ್ಪನಾಗಿ ಮಗಳ ಪಕ್ಕ ನಿಲ್ಲಬೇಕಾದವನು, ಬಿಳಿ ಅಂಗಿಯ ಮೇಲೆ ಬೆವರು ಒರೆಸಿಕೊಳ್ಳುತ್ತ ಕ್ಯಾಸಿಯೋದ ಮುಂದೆ ಹೋಗಿ ನಿಂತ. ಅವನ ಹಾಡು ಬಾರಿಸಲು ಕಂಪನಿಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಮೊದಲ ಸ್ವರ ಬಿತ್ತು. ಓಣಿಯ ಹೆಂಗಸರು ಸೆರಗು ಬಾಯಿಗೆ ತಂದರು. ಅತ್ತ ಬಸವಕಲ್ಯಾಣದ ಹುಡುಗರು, "ಜೋರು ಮಾಡ್ರಿ ಮಾವಾರ, ಜೋರು," ಎಂದು ಕೂಗುತ್ತ ಚಪ್ಪಾಳೆ ಹೊಡೆದರು. ಅಂಬಾದಾಸ ಕಣ್ಣು ಮುಚ್ಚಿ ನಿಧಾನವಾಗಿಯೇ ಬಾರಿಸಿದ. ದೇವಿಂದ್ರ ನಾಚಿ ಸ್ನೇಹಿತರಿಗೆ ಸುಮ್ಮನಿರಲು ಕೈ ಮಾಡಿದ. ಲಾಲ್ ಅಹ್ಮದ್ ತೋಳೇರಿಸಿದ. ನಾನೂ ಬಯ್ಯಲು ಒಂದು ಒಳ್ಳೆಯ ಮಾತು ಹುಡುಕುತ್ತಿದ್ದೆ.

ಆಗ ಶೇವಂತಾ ಹೆಂಗಸರ ನಡುವಿನಿಂದ ಬಂದಳು. ಮದುಮಗಳು ಹಾಗೆ ತಾನೇ ನಡೆದು ಬರುವುದು ಪದ್ಧತಿಯಲ್ಲ. ಅಪ್ಪನ ಎದುರು ನಿಂತು ಪೆಟ್ಟಿಗೆಯ ಮೇಲೆ ಕೈ ಇಟ್ಟಳು. ನಾನು ಪಕ್ಕದಲ್ಲೇ ಇದ್ದೆ.

"ಅಪ್ಪಾ, ಇದು ಬ್ಯಾಡ. ಅವರ ಹಾಡು ಬಾರ್ಸು."

ಅಂಬಾದಾಸನಿಗೆ ತಿಳಿಯಲಿಲ್ಲ. "ಇದು ನಿನಗಂತs ಇಟ್ಟೀನವ್ವ," ಎಂದ.

"ಗೊತ್ತದ ನನಗ. ದಿನಾ ಸಂಜಿಗಿ ಕೇಳೀನಿ. ಅವ್ವ ಸತ್ತಿದ್ದು ದಿನಾ ಸಂಜಿಗಿ ಕೇಳೀನಪ್ಪ. ಕೇಳಿ ಕೇಳಿ ಸಾಕಾಗ್ಯಾದ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇವತ್ತ ಒಂದಿನ ನಾ ಅಳಲಾರದ ಹೋಗ್ತೀನಿ."

ನಾವು ಅಭಿಮಾನಿಗಳು ಅಂದುಕೊಂಡವರು ಆ ಹಾಡನ್ನು ವಾರಕ್ಕೊಮ್ಮೆ ಕೇಳಿ, ಕಣ್ಣೊರೆಸಿಕೊಂಡು, ಚಹಾ ಕುಡಿದು ಮನೆಗೆ ಹೋಗುತ್ತಿದ್ದವರು. ಆ ಹುಡುಗಿ ಅದರೊಳಗೇ ಬೆಳೆದಿದ್ದಳು. ಇದು ನಮ್ಮಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ನನ್ನ ನಾಲಗೆಯ ಮೇಲಿದ್ದ ಬೈಗಳನ್ನು ನಾನು ನುಂಗಿಕೊಂಡೆ.

ಅಂಬಾದಾಸ ಮಗಳ ಮುಖ ನೋಡಿದ. ಆಮೇಲೆ ಇಷ್ಟು ವರ್ಷ ಮುಟ್ಟದೇ ಇದ್ದ ತಾಳದ ಗುಂಡಿ ಒತ್ತಿದ. ಪೆಟ್ಟಿಗೆ ತಾನೇ ಡಬ್ ಡಬ್ ಎಂದು ಓಡತೊಡಗಿತು. ಅವನ ಬೆರಳುಗಳಿಗೆ ಆ ಓಟ ಸಿಗಲಿಲ್ಲ, ಎಡವಿದವು, ಸ್ವರ ತಪ್ಪಿದವು. ಹುಡುಗರಿಗೆ ಅದರ ಪರಿವೆಯೇ ಇಲ್ಲ. ಕುಣಿಯುತ್ತ ದೇವಿಂದ್ರನನ್ನೂ ಎಳೆದುಕೊಂಡರು, ಅವನು ಕುಣಿಯಲು ಬಾರದೆ ತನ್ನದೇ ರುಮಾಲು ಬೀಳಿಸಿಕೊಂಡ. ಶೇವಂತಾ ಅದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು, ತಡೆಯಲಾಗದೆ, ಗಟ್ಟಿಯಾಗಿ ನಕ್ಕಳು. ಜೀಪು ಹತ್ತುವವರೆಗೂ ನಗುತ್ತಿದ್ದಳು. ಓಣಿಯ ಮುದುಕಿಯರು ಕೆನ್ನೆ ಬಡಿದುಕೊಂಡರು.

ಜೀಪು ಹೋಯಿತು. ಸಾಹೇಬರು ಬಂದು ಸ್ವಿಚ್ ಆರಿಸಿದರು. ಅಂಬಾದಾಸ ಪೆಂಡಾಲಿನ ಕುರ್ಚಿಯ ಮೇಲೆ ಕುಸಿದು ಕೂತ. ನಾನು ನೀರು ತಂದುಕೊಟ್ಟೆ. ಏನಾದರೂ ಹೇಳಬೇಕೆಂದು, "ಮುಂದಿನ ವಾರ ಘಾಟಬೋರಾಳದ ಮದುವಿ ಅದ, ಅವರು ನಿಧಾನದ್ದs ಕೇಳ್ಯಾರಂತ," ಎಂದೆ. ಎಂಥ ಹೊತ್ತಿಗೆ ಎಂಥ ಮಾತು.

"ಅವರಿಗಿ ಬಾರಿಸ್ತೀನಿ. ಕೇಳಿದವರಿಗಿ ಬಾರಿಸಲಿಕ್ಕ ಏನದ," ಎಂದ. ನೀರು ಕುಡಿಯದೆ ಲೋಟ ಹಿಡಿದುಕೊಂಡೇ ಇದ್ದ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅಕಿ ನಕ್ಕರ ಹ್ಯಾಂಗ ಕಾಣ್ತಾಳ ಅಂತ ನನಗ ಇವತ್ತ ಗೊತ್ತಾಯ್ತು ಪಂಡರಿ," ಎಂದ.