ಅಕ್ಕೋರ ಕಾರು ನಿಲ್ಲುತ್ತಿದ್ದದ್ದೇಕೆ

ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆಯ ಮಾತು. ನವಲಗುಂದದಲ್ಲಿ ನನ್ನ ಗ್ಯಾರೇಜು ಶುರುವಾಗಿ ಆ ಬೇಸಿಗೆಗೆ ಇಪ್ಪತ್ತೇಳು ವರ್ಷ ತುಂಬಿತ್ತು. ಕಾರ್ಬುರೇಟರ್ ಕಾಲದಲ್ಲಿ ಕೆಲಸ ಕಲಿತವನು ನಾನು. ಕಾರುಗಳಿಗೆ ಕಂಪ್ಯೂಟರ್ ಬಂದ ಮೇಲೆ, ಅದರಲ್ಲಿ ದಾಖಲಾದ ದೋಷ ಓದುವ ಒಂದು ಸ್ಕ್ಯಾನರ್ ಕೊಂಡಿದ್ದೆನಾದರೂ, ಅದನ್ನು ಡಬ್ಬಿಯಿಂದ ತೆಗೆಯುತ್ತಿದ್ದದ್ದು ಕಡಿಮೆ. ಈಗ ಗ್ಯಾರೇಜು ಅಳಿಯನ ಕೈಯಲ್ಲಿದೆ. ಮಧ್ಯಾಹ್ನ ಸುಮ್ಮನೆ ಹೋಗಿ ಕೂತಾಗ ನನಗೆ ಮೊದಲು ನೆನಪಾಗುವುದು ಮೊರಬದ ಗಿರಿಜಕ್ಕೋರು.

ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದ್ದರಿಂದ ಅವರು ಊರಿಗೆಲ್ಲ ಅಕ್ಕೋರು. ಅವರ ಯಜಮಾನರು ಚನ್ನಬಸಪ್ಪನವರಿಗೆ ಕಿಡ್ನಿ ಕೆಟ್ಟು, ವಾರಕ್ಕೆ ಎರಡು ಸಲ ಹುಬ್ಬಳ್ಳಿಯಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಮನೆಯಲ್ಲಿ ಪೆಟ್ರೋಲ್ ಕಾರಿತ್ತು, ಆದರೆ ಅವರಿಗೆ ಸ್ಟಿಯರಿಂಗ್ ಹಿಡಿಯುವ ಶಕ್ತಿ ಉಳಿದಿರಲಿಲ್ಲ. ಹಾಗಾಗಿ ಅಕ್ಕೋರು ನಿವೃತ್ತರಾದ ವರ್ಷವೇ ಕಾರು ಓಡಿಸಲು ಕಲಿತರು. ಪಕ್ಕದ ಸೀಟಿನಲ್ಲಿ ಕೂತು ಕಲಿಸಿದವರು ಗಂಡನೇ.

ಒಂದೆರಡು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಕಾರು ದಾರಿಯಲ್ಲಿ ತಾನಾಗಿ ನಿಲ್ಲತೊಡಗಿತು. ಎರಡು ಗ್ಯಾರೇಜಿನವರು ನೋಡಿ, ಗಾಡಿಯಲ್ಲಿ ದೋಷವಿಲ್ಲ, ಓಡಿಸುವವರಿಗೆ ಕ್ಲಚ್ ಬಿಡಲು ಬರುವುದಿಲ್ಲ ಎಂದಿದ್ದರು. ಮೂರನೆಯವನು ನಾನು. ಬ್ಯಾಟರಿ ವೈರ್ ಬಿಚ್ಚಿ, ಪೆಟ್ರೋಲ್ ಫಿಲ್ಟರ್ ಬದಲಿಸಿ, ಪ್ಲಗ್ ಸ್ವಚ್ಛ ಮಾಡಿ ಕೊಟ್ಟೆ. ಕೊಡುವಾಗ, ಕ್ಲಚ್ ಸಾವಕಾಶ ಬಿಡಿರೆಂದು ನಾನೂ ಹೇಳಿದೆ. ಅಕ್ಕೋರು ತಲೆಯಾಡಿಸಿ ಹೋದರು.

ಹದಿನೈದು ದಿನಕ್ಕೆ ಅವರು ಬಸ್ಸಿನಲ್ಲಿ ಒಬ್ಬರೇ ಬಂದರು. ಹಿಂದಿನ ದಿನ ಡಯಾಲಿಸಿಸ್ ಮುಗಿಸಿ ಬರುವಾಗ ಕಾರು ರಣಬಿಸಿಲಿನಲ್ಲಿ ನಿಂತುಬಿಟ್ಟಿತ್ತಂತೆ. ಸೀಟಿನಲ್ಲಿ ಒರಗಿದ್ದ ಗಂಡನಿಗೆ ಬೆವರು ಕಿತ್ತುಕೊಂಡು, ಕಣ್ಣು ಮೇಲಾಗಿ, ದಾರಿಯಲ್ಲಿ ಬಂದ ಟಂಟಂ ಆಟೋದವರು ಎತ್ತಿ ಕೂರಿಸಿಕೊಂಡು ಹೋಗಿದ್ದರು.

“ಗಾಡಿ ಮಾರಿಸಿ ಕೊಡ್ರಿ. ನನ್ನ ಕೈಗೆ ಅದು ಹತ್ತವಲ್ತು,” ಎಂದರು.

ಆ ದನಿ ಕೇಳಿ ನನಗೆ ಕಸಿವಿಸಿಯಾಯಿತು. ಕುರ್ಚಿ ಕೊಟ್ಟು, ಅದು ನಿಲ್ಲುವುದು ಹೇಗೆ ಎಂದು ಕೇಳಿದೆ. ಅವರು ಪಾಠ ಒಪ್ಪಿಸಿದಂತೆ ಹೇಳಿದರು. ಮುಂಜಾನೆ ಹೋಗುವಾಗ ಒಮ್ಮೆಯೂ ನಿಂತಿಲ್ಲ. ಮಧ್ಯಾಹ್ನ ಬರುವಾಗ, ಇಪ್ಪತ್ತು ಇಪ್ಪತ್ತೈದು ನಿಮಿಷ ಓಡಿದ ಮೇಲೆ, ಟಾಪ್ ಗೇರಿನಲ್ಲಿದ್ದಾಗಲೇ ನಿಲ್ಲುತ್ತದೆ. ಆಗ ಎಂಜಿನ್ನಿನ ಹಳದಿ ದೀಪ ಹತ್ತುತ್ತದೆ. ಬಾನೆಟ್ ಎತ್ತಿ ಕಾಲು ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತದೆ.

ಟಾಪ್ ಗೇರಿನಲ್ಲಿ ಓಡುವ ಕಾರಿಗೂ ಕ್ಲಚ್ಚಿಗೂ ಏನು ಸಂಬಂಧ?

“ಇದನ್ನ ಮೊದಲ ಯಾಕ ಹೇಳಲಿಲ್ರಿ ಅಕ್ಕೋರ?”

“ನೀವು ಕೇಳಲಿಲ್ಲ.”

ಡಯಾಲಿಸಿಸ್ಸಿನ ಮುಂದಿನ ಸರದಿಗೆ ಸ್ಕ್ಯಾನರ್ ಹಿಡಿದು ನಾನೂ ಅವರ ಜೊತೆ ಹುಬ್ಬಳ್ಳಿಗೆ ಹೋದೆ. ಅಕ್ಕೋರೇ ಓಡಿಸಿದರು. ಬರುವಾಗ ಚನ್ನಬಸಪ್ಪನವರನ್ನು ಹಿಂದೆ ಮಲಗಿಸಿ, ನಾನು ಮುಂದೆ ಕೂತೆ. ಹುಬ್ಬಳ್ಳಿ ದಾಟಿ, ಹತ್ತಿ ಕಿತ್ತ ಹೊಲಗಳ ನಡುವೆ ಕಾರು ಸದ್ದಡಗಿ ನಿಂತಿತು. ಅಕ್ಕೋರ ಕಾಲು ಕ್ಲಚ್ಚಿನ ಮೇಲಿರಲೇ ಇಲ್ಲ. “ನಾ ಏನೂ ಮಾಡಲಿಲ್ರಿ,” ಎಂದು ಅವರು ಸಣ್ಣ ದನಿಯಲ್ಲಿ ಅಂದದ್ದು ಇನ್ನೂ ಕಿವಿಯಲ್ಲಿದೆ.

ಸ್ಕ್ಯಾನರ್ ತೋರಿಸಿದ್ದು ಕ್ಯಾಮ್‌ಶಾಫ್ಟ್ ಪೊಜಿಶನ್ ಸೆನ್ಸರ್. ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ದಂಡ ಯಾವ ಕ್ಷಣದಲ್ಲಿ ಎಲ್ಲಿದೆ ಎಂಬುದನ್ನು ಈ ಹೆಬ್ಬೆರಳು ಗಾತ್ರದ ಸೆನ್ಸರ್ ಕಂಪ್ಯೂಟರಿಗೆ ತಿಳಿಸುತ್ತಿರುತ್ತದೆ. ಆ ಸುದ್ದಿ ನಿಂತರೆ ಯಾವ ಸಿಲಿಂಡರಿಗೆ ಯಾವಾಗ ಪೆಟ್ರೋಲ್ ಬಿಡಬೇಕು, ಕಿಡಿ ಕೊಡಬೇಕು ಎಂಬುದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಪ್ರತಿ ಸಲ ಕಂಪ್ಯೂಟರಿನಲ್ಲಿ ದಾಖಲಾಗಿದ್ದ ಆ ದೋಷವನ್ನು, ಕೆಲಸಕ್ಕೆ ಮೊದಲು ಬ್ಯಾಟರಿ ವೈರ್ ಬಿಚ್ಚಿ ನಾವು ಮೆಕ್ಯಾನಿಕ್‌ಗಳೇ ಅಳಿಸಿಹಾಕಿದ್ದೆವು.

ವೈರು, ಕನೆಕ್ಟರ್ ನೋಡಿದೆ. ಸೆನ್ಸರಿಗೆ ಕರೆಂಟ್ ಸರಿಯಾಗಿ ಬರುತ್ತಿತ್ತು. ಬಾಟಲಿ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಸೆನ್ಸರಿನ ಮೇಲೆ ಒತ್ತಿ ಹಿಡಿದೆ. ಎರಡು ನಿಮಿಷ ಬಿಟ್ಟು ಚಾವಿ ತಿರುವಲು ಹೇಳಿದೆ. ಎಂಜಿನ್ ಒಂದೇ ಏಟಿಗೆ ಎದ್ದಿತು. ಕಾದರೆ ಸಾಯುವ, ತಣಿದರೆ ಬದುಕುವ ಸೆನ್ಸರ್ ಅದು.

ನಾನು ಇದನ್ನೆಲ್ಲ ವಿವರಿಸುವಾಗ ಚನ್ನಬಸಪ್ಪನವರು ಹಿಂದಿನ ಸೀಟಿನಲ್ಲಿ ಎದ್ದು ಕೂತಿದ್ದರು. ಕಾರು ನಿಂತಾಗಲೆಲ್ಲ ಹೆಂಡತಿಯನ್ನು ಬೈದವರಲ್ಲಿ ಅವರೂ ಒಬ್ಬರು.

“ನಿಂದೇನೂ ತಪ್ಪಿರಲಿಲ್ಲ ಗಿರಿಜಾ. ಭಾಳ ಅಂದ್ಬಿಟ್ಟೆ ನಿನಗ,” ಎಂದರು.

ಅಕ್ಕೋರು ಹಿಂದಿರುಗಿ ನೋಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಗೇರ್ ಹಾಕಿದರು.

ಮರುದಿನ ಹುಬ್ಬಳ್ಳಿಯಿಂದ ಕಂಪನಿಯದೇ ಸೆನ್ಸರ್ ತರಿಸಿದೆ. ಕನೆಕ್ಟರ್ ಕಳಚಿ, ಒಂದೇ ಒಂದು ಹತ್ತು ನಂಬರಿನ ಬೋಲ್ಟ್ ಬಿಚ್ಚಿ, ಹಳೆಯದನ್ನು ಮೆಲ್ಲಗೆ ತಿರುವಿ ಹೊರಗೆಳೆದೆ. ಹೊಸದರ ರಬ್ಬರ್ ರಿಂಗಿಗೆ ಎಂಜಿನ್ ಆಯಿಲ್ ಸವರಿ ಕೂರಿಸಿದೆ. ಇಪ್ಪತ್ತು ನಿಮಿಷದ ಕೆಲಸ. ನಂತರ ಸ್ಕ್ಯಾನರಿನಿಂದ ದೋಷದ ಕೋಡ್ ಅಳಿಸಿ, ಎರಡು ಮಧ್ಯಾಹ್ನ ಬಿಸಿಲಿನಲ್ಲೇ ಅಕ್ಕೋರಿಂದ ಓಡಿಸಿ ನೋಡಿದೆ. ಕಾರು ಎಲ್ಲಿಯೂ ನಿಲ್ಲಲಿಲ್ಲ.

ಚನ್ನಬಸಪ್ಪನವರು ಆಮೇಲೆ ಎರಡು ವರ್ಷ ಇದ್ದರು. ಸರ್ವಿಸಿಗೆಂದು ಇಬ್ಬರೂ ಬಂದಾಗ ನಾನು ರೂಢಿಯಂತೆ ಅವರತ್ತ ತಿರುಗಿ, ಗಾಡಿ ಹೇಗಿದೆ ಎಂದು ಕೇಳುತ್ತಿದ್ದೆ. ಅವರು ನಗುತ್ತಿದ್ದರು. “ನನಗೇನ ಕೇಳ್ತಿಯೋ, ಆಕಿನ್ನ ಕೇಳು. ಗಾಡಿ ಆಕೀದು.”

ಇಪ್ಪತ್ತೇಳು ವರ್ಷ ನಾನು ಕಾರುಗಳನ್ನಷ್ಟೇ ಪರೀಕ್ಷಿಸಿದ್ದೆ. ಆ ಬೇಸಿಗೆಯ ನಂತರ, ಓಡಿಸುವವರ ಮಾತು ಪೂರ್ತಿ ಕೇಳುವ ಮೊದಲು ಯಾವ ಬಾನೆಟ್ಟನ್ನೂ ಎತ್ತಲಿಲ್ಲ.